ಲೆಕ್ಕದ ಪುಸ್ತಕದಲ್ಲಿ ‘ಬಳೆ’: ಕೊಡಗಿನ ಒಂದು ವಿಚ್ಛೇದನ ಮಾತುಕತೆಯಲ್ಲಿ ಮುಗಿದ ಬಗೆ

ಇದು ಉತ್ತರ ಕೊಡಗಿನ ಒಂದು ಕುಟುಂಬದ ಪ್ರಕರಣ. ಮಧ್ಯಸ್ಥಗಾರಳಾಗಿ ನಾನೇ ಕೂತು ನಡೆಸಿದ್ದು. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ, ಬರೆದದ್ದನ್ನು ಓದಿಯೂ ಇದ್ದಾರೆ. ಮೊತ್ತಗಳನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿದ್ದೇನೆ. ಗುರುತು ಸಿಗುವಂಥ ವಿವರ ಬದಲಾಯಿಸಿದ್ದೇನೆ. ಆಕೆ ಶಾಲೆಯಲ್ಲಿ ಪಾಠ ಮಾಡುತ್ತಾರೆ, ಹಾಗಾಗಿ ಇಲ್ಲಿ ‘ಟೀಚರ್’. ಆತ ಕಾಫಿ ಬೆಳೆಯುತ್ತಾರೆ, ಹಾಗಾಗಿ ‘ಬೆಳೆಗಾರರು’. ಅಷ್ಟು ಸಾಕು.

‘ಕೋರ್ಟು ಕಚೇರಿ ಯಾಕೆ, ಹೊರಗೇ ಮುಗಿಸಿಕೊಳ್ಳಿ’ ಅಂತ ಎಲ್ಲರೂ ಹೇಳುತ್ತಾರೆ. ಹೊರಗೆ ಅಂದರೆ ಎಲ್ಲಿ, ಯಾರ ಮುಂದೆ, ಯಾವ ಲೆಕ್ಕದಲ್ಲಿ? ಅದನ್ನು ಬಿಡಿಸಿ ಹೇಳುವವರು ಕಡಿಮೆ. ಈ ಪ್ರಕರಣದಲ್ಲಿ ‘ಹೊರಗೆ’ ಮೂರು ಸಲ ಕೆಟ್ಟಿತು, ನಾಲ್ಕನೇ ಸಲ ಆಯಿತು. ಯಾಕೆ ಆಯಿತು ಅನ್ನುವುದು ನನಗೂ ಕೆಲಸ ಮಾಡುತ್ತಾ ಮಾಡುತ್ತಾ ಗೊತ್ತಾದದ್ದು.

ಹಿನ್ನೆಲೆ

ಟೀಚರ್ ಮದುವೆಯಾಗಿ ಬಂದಾಗ ಮನೆಯಲ್ಲಿ ಮಾವ, ಅತ್ತೆ, ಎಂಟು ಎಕರೆ ರೊಬಸ್ಟಾ ಕಾಫಿ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ಪಹಣಿ ಮಾವನ ಹೆಸರಲ್ಲಿ. ದುಡಿಯುವುದು ಮಗ. ಟೀಚರ್ ಹತ್ತಿರದ ಖಾಸಗಿ ಶಾಲೆಗೆ ಸೇರಿದರು. ಮೊದಲ ವರ್ಷವೇ ತೋಟದ ಲೆಕ್ಕ ಬರೆಯುವ ಕೆಲಸ ಅವರ ಕೈಗೆ ಬಂತು. ಉದ್ದನೆಯ ನೋಟ್‌ಬುಕ್. ಇವತ್ತು ಎಷ್ಟು ಆಳು ಬಂದರು, ಎಷ್ಟು ಕೆಜಿ ಕೊಯ್ದರು, ಕಣದಲ್ಲಿ ಎಷ್ಟು ಒಣಗಿತು, ಎಷ್ಟು ಚೀಲ ಹೋಯಿತು. ಸಂಜೆ ಶಾಲೆಯಿಂದ ಬಂದು, ಕಾಫಿ ಕುಡಿದು, ಅದನ್ನು ಬರೆದಿಟ್ಟೇ ಅಡುಗೆಮನೆಗೆ ಹೋಗುತ್ತಿದ್ದರಂತೆ.

2018ರ ಆಗಸ್ಟ್ ಮಳೆಯನ್ನು ಕೊಡಗಿನವರಿಗೆ ನೆನಪು ಮಾಡಿಕೊಡಬೇಕಿಲ್ಲ. ಇವರ ಮನೆ ಉಳಿಯಿತು. ಆದರೆ ತೋಟದ ಮೇಲಿನ ಬರೆ, ಅಂದರೆ ಗುಡ್ಡದ ಇಳಿಜಾರು, ಜರಿದು ಎರಡು ಎಕರೆ ಗಿಡ ಮಣ್ಣಿನಡಿ ಹೋಯಿತು. ಆಳುಗಳಿಗೆ ಸಂಬಳ ಕೊಡಲು ಟೀಚರ್ ಒಡವೆ ಸಹಕಾರ ಸಂಘದಲ್ಲಿ ಅಡವು ಬಿತ್ತು. ಒಟ್ಟು 15 ಪವನು, ಅಂದರೆ 120 ಗ್ರಾಂ. ಮರುವರ್ಷವೂ ಮಳೆ ಬಿಡಲಿಲ್ಲ. ಆಗ ಟೀಚರ್ ತಮ್ಮ ಸಂಬಳದ ಮೇಲೆ ನಾಲ್ಕು ಲಕ್ಷ ಸಾಲ ತೆಗೆದರು. ಕಂತು ಹೋಗುತ್ತಿದ್ದದ್ದು ಅವರ ಸಂಬಳದಿಂದಲೇ. ಅಡವಿಟ್ಟದ್ದರಲ್ಲಿ 6 ಪವನು ಬಿಡಿಸಲಾಗದೆ ಹರಾಜಾಯಿತು.

ಈ ಮನೆಯಲ್ಲಿ ಹೊಡೆದಾಟ ಇರಲಿಲ್ಲ. ಕುಡಿತವೂ ಇರಲಿಲ್ಲ. ಇದ್ದದ್ದು ಮೌನ. ಒಡವೆ ಯಾವಾಗ ಬಿಡಿಸುತ್ತೀರಿ ಅಂತ ಕೇಳಿದರೆ ಗಂಡ ಎದ್ದು ತೋಟಕ್ಕೆ ಹೋಗುತ್ತಿದ್ದರು. 2022ರ ಜೂನ್‌ನಲ್ಲಿ ಮಗಳ ಶಾಲೆ ಫೀಸಿನ ಮಾತು ಬಂತು. ‘ಸಂಬಳ ಬರುತ್ತಲ್ಲಮ್ಮಾ, ನೀನೇ ಕಟ್ಟು’ ಅಂದರು ಮಾವ. ಆ ವಾರ ಟೀಚರ್ ಮಗಳನ್ನು ಕರೆದುಕೊಂಡು ತವರಿಗೆ ಹೋದರು. ವಾಪಸ್ ಬರಲಿಲ್ಲ.

ಮೂರು ಸಲ ಕೆಟ್ಟದ್ದು

ಮೊದಲು ಮನೆಯ ಹಿರಿಯರ ಪಂಚಾಯಿತಿ. ಹಾಲ್‌ನಲ್ಲಿ ಚಾಪೆ ಹಾಸಿ, ಎರಡೂ ಕಡೆಯಿಂದ ಐದೈದು ಜನ. ತೀರ್ಮಾನ: ‘ಹೊಂದಿಕೊಂಡು ಹೋಗಿ.’ ಟೀಚರ್‌ಗೆ ಮಾತಾಡಲು ಅವಕಾಶ ಸಿಕ್ಕಿದ್ದು ಕೊನೆಯಲ್ಲಿ, ‘ಏನಮ್ಮಾ, ಒಪ್ಪಿಗೇನಾ?’ ಅಂತ ಕೇಳಿದಾಗ ಮಾತ್ರ.

ಎರಡನೆಯದು ಠಾಣೆಯಲ್ಲಿ ಒಂದು ಸಂಜೆ. ಟೀಚರ್‌ರನ್ನು ಅವರ ಅಣ್ಣ ಕೋಪದಲ್ಲಿ ಕರೆದುಕೊಂಡು ಹೋಗಿದ್ದರು. ಬೆಳೆಗಾರರನ್ನೂ ಕರೆಸಿ ಬುದ್ಧಿ ಹೇಳಿ ಕಳಿಸಿದರು. ಅವಮಾನ ಆಯಿತು, ಬೇರೇನೂ ಆಗಲಿಲ್ಲ.

ಮೂರನೆಯದು ಅಪಾಯದ್ದು. ಇನ್ನೊಮ್ಮೆ ಸೇರಿದ ಹಿರಿಯರು, ‘ಛಾಪಾ ಕಾಗದದ ಮೇಲೆ ಇಬ್ಬರೂ ಬರೆದುಕೊಡಿ, ಬಿಡುಗಡೆ ಆಯಿತು ಅಂದುಕೊಳ್ಳಿ’ ಅಂದರು. ಇದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಬರುವ ಮದುವೆ ಬಾಂಡ್ ಪೇಪರಿನ ಸಹಿಯಿಂದ ಮುರಿಯುವುದಿಲ್ಲ. ಆ ಸಮುದಾಯದಲ್ಲಿ ಹಿಂದಿನಿಂದ ಬಂದ ಪದ್ಧತಿ ಇದೆ ಅಂತ ಸಾಬೀತು ಮಾಡಿದರೆ ಬೇರೆ ಮಾತು, ಆದರೆ ಅದು ಸುಲಭವಲ್ಲ. ಕಾಗದ ನಂಬಿಕೊಂಡು ಇನ್ನೊಂದು ಮದುವೆಯಾದವರು ಆಮೇಲೆ ಪಡುವ ಪಾಡು ನೋಡಿದ್ದೇನೆ. ಟೀಚರ್ ಸಹಿ ಹಾಕಲಿಲ್ಲ. ಆ ಒಂದು ‘ಇಲ್ಲ’ ಈ ಇಡೀ ಪ್ರಕರಣವನ್ನು ಉಳಿಸಿತು ಅಂತಲೇ ನನ್ನ ಅಭಿಪ್ರಾಯ.

ಆಮೇಲೆ ಒಂದೂವರೆ ವರ್ಷ ಯಾರೂ ಅಲುಗಾಡಲಿಲ್ಲ. 2024ರ ಶುರುವಿನಲ್ಲಿ ರೊಬಸ್ಟಾ ಬೆಲೆ ಏರಿತು. ತೋಟ ಇರುವ ಮನೆಗಳಲ್ಲೆಲ್ಲ ಅದೇ ಮಾತು. ಟೀಚರ್ ಕಿವಿಗೂ ಬಿತ್ತು. ‘ನನ್ನ ಒಡವೆ ಬಿಡಿಸಲು ದುಡ್ಡಿಲ್ಲ ಅಂತಿದ್ದರಲ್ಲ, ಈಗ?’ ಅಂತ ವಕೀಲರ ಹತ್ತಿರ ಹೋದರು. ಅದು ಗೊತ್ತಾಗಿ ಬೆಳೆಗಾರರು, ಹೆಂಡತಿ ಮರಳಿ ಬಂದು ಸಂಸಾರ ಮಾಡಲಿ ಅಂತ ವಿವಾಹ ಕಾಯ್ದೆಯ 9ನೇ ಕಲಮಿನಡಿ ಅರ್ಜಿ ಹಾಕಿದರು. ಮರುತಿಂಗಳು ಟೀಚರ್ ತಿಂಗಳಿಗೆ 15 ಸಾವಿರ ಜೀವನಾಂಶ ಕೇಳಿದರು. ಆಗಿನ್ನೂ ಅದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಇನ್ನೊಂದು ಅರ್ಜಿಯೂ ವಕೀಲರ ಮೇಜಿನ ಮೇಲೆ ಸಿದ್ಧವಿತ್ತು. 2005ರ ಆ ಕಾಯ್ದೆಯಲ್ಲಿ ಹೊಡೆತ ಮಾತ್ರ ದೌರ್ಜನ್ಯವಲ್ಲ. ಹೆಂಡತಿಯ ಸ್ತ್ರೀಧನ, ಅಂದರೆ ಅವಳ ಸ್ವಂತ ಒಡವೆ ಆಸ್ತಿ, ತೆಗೆದುಕೊಂಡು ಕೊಡದಿರುವುದೂ ಆರ್ಥಿಕ ದೌರ್ಜನ್ಯವೇ.

ಈ ಹಂತದಲ್ಲಿ ನ್ಯಾಯಾಲಯ ಇವರನ್ನು ಮಧ್ಯಸ್ಥಿಕೆಗೆ ಕಳಿಸಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಇದಕ್ಕೇ ಇರುವುದು. ಸಂಸಾರದ ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಕಳಿಸಬೇಕು ಅಂತ 2013ರಲ್ಲಿ ಕೆ. ಶ್ರೀನಿವಾಸ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಇದಕ್ಕೆ ಕಕ್ಷಿದಾರರು ಶುಲ್ಕ ಕೊಡಬೇಕಿಲ್ಲ. ಆಡಿದ ಮಾತು ಹೊರಗೆ ಹೋಗುವುದಿಲ್ಲ. ರಾಜಿ ಆಯಿತಾ, ಇಲ್ಲವಾ ಅಂತ ಮಾತ್ರ ನ್ಯಾಯಾಧೀಶರಿಗೆ ತಿಳಿಸುತ್ತೇವೆ.

ನಾನು ಮಾಡಿದ ತಪ್ಪು

ಮೊದಲ ದಿನ ಜೂನ್ ಕೊನೆ. ಜೋರು ಮಳೆ. ಬಾಗಿಲ ಹತ್ತಿರ ಒದ್ದೆ ಕೊಡೆಗಳ ಸಾಲು. ಟೀಚರ್ ಜೊತೆ ಅವರ ಅಣ್ಣ, ಬೆಳೆಗಾರರ ಜೊತೆ ಅಪ್ಪ. ಅಷ್ಟು ದೂರದಿಂದ ಮಳೆಯಲ್ಲಿ ಬಂದ ಹಿರಿಯರನ್ನು ಹೊರಗೆ ಕೂರಿಸಲು ಮನಸ್ಸು ಬರಲಿಲ್ಲ. ಎಲ್ಲರನ್ನೂ ಒಟ್ಟಿಗೆ ಕೂರಿಸಿದೆ.

ಹದಿನೈದು ನಿಮಿಷದಲ್ಲಿ ಅದು ಇನ್ನೊಂದು ಪಂಚಾಯಿತಿ ಆಯಿತು. ‘ನಮ್ಮ ಹುಡುಗಿ ದುಡ್ಡಲ್ಲಿ ತೋಟ ಉಳಿಸಿಕೊಂಡ್ರಿ’ ಅಂತ ಅಣ್ಣ. ‘ತೋಟ ನಮ್ಮಪ್ಪನ ಕಾಲದ್ದು, ಯಾರೂ ಉಳಿಸಿಕೊಡಬೇಕಿಲ್ಲ’ ಅಂತ ಯಜಮಾನರು, ಅಂದರೆ ಬೆಳೆಗಾರರ ಅಪ್ಪ. ಯಾರ ಸಂಸಾರವೋ ಆ ಇಬ್ಬರು ಮೇಜು ನೋಡುತ್ತಾ ಕೂತಿದ್ದರು. ನಾನು ಬೇಗ ಮುಗಿಸಿ ಇನ್ನೊಂದು ದಿನ ಕೊಟ್ಟೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಗಂಡ ಹೆಂಡತಿಯನ್ನು ಒಂದೇ ಕೋಣೆಗೆ ಕರೆಯುವ ಮೊದಲು ಪ್ರತಿಯೊಬ್ಬರನ್ನೂ ಬೇರೆಯಾಗಿ ಕೂರಿಸಿ ಕೇಳಬೇಕು: ಹೊಡೆತ ಬಡಿತ ಇದೆಯಾ? ಎದುರು ಕೂತು ಮಾತಾಡಲು ಹೆದರಿಕೆ ಇದೆಯಾ? ಇಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಏನಾದರೂ ಆಗುತ್ತಾ? ಅಂಥ ಭಯ ಇರುವ ಕಡೆ ಮಧ್ಯಸ್ಥಿಕೆ ನಡೆಯಲೇಬಾರದು. ಹೆದರಿದವರು ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಅನ್ನಲಾಗದು. ನಾನು ಇದನ್ನು ಕೇಳಿದ್ದು ಎರಡನೇ ದಿನ. ಟೀಚರ್ ಉತ್ತರ ‘ಹೆದರಿಕೆ ಇಲ್ಲ ಮೇಡಂ, ಬೇಜಾರು ಇದೆ’ ಅಂತಿತ್ತು, ನಾನು ಉಳಿದೆ. ಉತ್ತರ ಬೇರೆ ಆಗಿದ್ದರೆ ಮೊದಲ ದಿನವೇ ಅವರಿಗೆ ಕೇಡು ಮಾಡಿದ್ದೆ. ಆಮೇಲಿನ ಯಾವ ಪ್ರಕರಣದಲ್ಲೂ ನಾನು ಈ ಕ್ರಮ ತಪ್ಪಿಸಿಲ್ಲ.

ಎರಡನೇ ದಿನದಿಂದ ಹಿರಿಯರು ಹೊರಗೆ ಬೆಂಚಿನ ಮೇಲೆ. ಒಳಗೆ ಇಬ್ಬರೇ, ಬೇಕಾದಾಗ ಅವರ ವಕೀಲರು. ಮತ್ತೆ ಕೂಡಿ ಬಾಳುವ ಸಾಧ್ಯತೆ ಇದೆಯಾ ಅಂತ ಕೇಳಿದೆ. ಕೇಳಲೇಬೇಕು, ಕಾನೂನೂ ಅದನ್ನೇ ಬಯಸುತ್ತದೆ. ಬೆಳೆಗಾರರು ‘ಬಂದರೆ ಬರಲಿ’ ಅಂದರು. ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎರಡು ವರ್ಷದಲ್ಲಿ ಒಂದು ಸಲ ಬನ್ನಿ ಅಂತ ಫೋನ್ ಮಾಡಿಲ್ಲ’ ಅಂದರು. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಮಧ್ಯಸ್ಥಿಕೆ ಅಂದರೆ ಹೇಗಾದರೂ ಒಂದು ಮಾಡಿ ಕಳಿಸುವುದು ಅಂತ ನಮ್ಮ ಜನ ತಿಳಿದಿದ್ದಾರೆ. ಕೂಡಿಸುವುದೂ ಆಗಬಹುದು, ಜಗಳವಿಲ್ಲದೆ ಬಿಡಿಸುವುದೂ ಆಗಬಹುದು.

ಪುಸ್ತಕ

ಮೂರನೇ ಭೇಟಿ ಪ್ರತ್ಯೇಕ ಭೇಟಿ. ಬೆಳೆಗಾರರು ಒಬ್ಬರೇ ಒಳಗೆ ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ತೋಟದ ಲೆಕ್ಕದ ಪುಸ್ತಕಗಳನ್ನು ತಂದಿದ್ದರು. ತಿಂಗಳಿಗೆ 15 ಸಾವಿರ ಕೊಡುವ ಶಕ್ತಿ ತನಗಿಲ್ಲ ಅಂತ ತೋರಿಸುವುದು ಅವರ ಉದ್ದೇಶ. ಅವರ ಮಾತಿನಲ್ಲಿ ಸತ್ಯವಿತ್ತು. ಕಾಫಿಯವರಿಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಫೆಬ್ರವರಿ ಮಾರ್ಚ್‌ನಲ್ಲಿ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಮಾರಿದಾಗ. ಅದರಲ್ಲೇ ಸ್ಪ್ರಿಂಕ್ಲರ್ ನೀರು, ಗೊಬ್ಬರ, ಕಳೆ, ಮುಂದಿನ ಕೊಯ್ಲಿನ ತನಕ ಆಳುಗಳ ಸಂಬಳ. ಮಳೆಗಾಲದಲ್ಲಿ ಎಷ್ಟೋ ತೋಟದವರ ಕೈಯಲ್ಲಿ ಸಾವಿರ ರೂಪಾಯಿ ಇರುವುದಿಲ್ಲ, ವ್ಯಾಪಾರಿ ಹತ್ತಿರ ಮುಂಗಡ ಕೇಳುತ್ತಾರೆ. ಮೇಲಿಂದ ಪಹಣಿ ಅಪ್ಪನ ಹೆಸರಲ್ಲಿ. ಕಾಗದದ ಮೇಲೆ ಈ ಮನುಷ್ಯನಿಗೆ ಏನೂ ಇಲ್ಲ. ಕೋರ್ಟು ತಿಂಗಳಿಗೆ ಇಷ್ಟು ಅಂತ ಆದೇಶ ಮಾಡಿದರೆ ಜುಲೈ ಹೊತ್ತಿಗೆ ಬಾಕಿ, ಸೆಪ್ಟೆಂಬರ್ ಹೊತ್ತಿಗೆ ವಾರಂಟ್.

ನಾನು ಪುಟ ತಿರುಗಿಸುತ್ತಿದ್ದೆ. 2022ರ ಮಧ್ಯದವರೆಗೆ ಒಂದು ಅಕ್ಷರ, ದುಂಡಗೆ, ಒತ್ತಾಗಿ. ಆಮೇಲೆ ಇನ್ನೊಂದು. 2018ರ ಸೆಪ್ಟೆಂಬರ್ ಪುಟದಲ್ಲಿ, ಆಳುಗಳ ಸಂಬಳದ ಮೊತ್ತದ ಪಕ್ಕ, ಚಿಕ್ಕದಾಗಿ ಒಂದೇ ಪದ: ಬಳೆ. ಮುಂದಿನ ತಿಂಗಳು: ಸರ. ಅದರ ಮುಂದೆ: ಓಲೆ, ಉಂಗುರ.

ಒಡವೆ ತೋಟಕ್ಕೆ ಬಳಕೆಯಾಗಲಿಲ್ಲ, ಟೀಚರ್ ಅವರೇ ತೆಗೆದುಕೊಂಡು ಹೋಗಿದ್ದಾರೆ ಅಂತ ಬೆಳೆಗಾರರು ಕೋರ್ಟಿಗೆ ಕೊಟ್ಟ ಹೇಳಿಕೆಯಲ್ಲಿತ್ತು. ‘ಇದು ಯಾರ ಅಕ್ಷರ?’ ಅಂತ ಕೇಳಿದೆ. ಅವರು ಪುಟದ ಮೇಲೆ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಇಷ್ಟು ವರ್ಷ ಪುಸ್ತಕ ಮನೆಯಲ್ಲೇ ಇತ್ತು, ಅವರು ಮೊತ್ತ ನೋಡಿದ್ದರು, ಪದ ನೋಡಿರಲಿಲ್ಲ. ಅದು ನಾಟಕ ಅಲ್ಲ ಅಂತ ನಾನು ನಂಬುತ್ತೇನೆ.

ಇಲ್ಲಿ ನನಗೊಂದು ಇಕ್ಕಟ್ಟು ಬಂತು. ಪ್ರತ್ಯೇಕ ಭೇಟಿಯಲ್ಲಿ ಕಂಡದ್ದನ್ನು, ಕೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಂದು ಕಡೆಗೆ ಹೇಳುವ ಹಾಗಿಲ್ಲ. ಹೊರಗೆ ಆ ಹೆಣ್ಣುಮಗಳು ತನ್ನ ಮಾತಿಗೆ ಸಾಕ್ಷಿ ಇಲ್ಲ ಅಂತ ಕೂತಿದ್ದಾರೆ. ಸಾಕ್ಷಿ ನನ್ನ ಕೈಯಲ್ಲಿದೆ. ಒಳಗೆ ಸಂಕಟವಾಯಿತು. ಆದರೆ ನಾನು ಹೇಳಿಬಿಟ್ಟರೆ ಬೆಳೆಗಾರರು ಆ ಕ್ಷಣವೇ ಎದ್ದು ಹೋಗುತ್ತಿದ್ದರು, ಇನ್ನು ಯಾರೂ ಆ ಕೋಣೆಯಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಿರಲಿಲ್ಲ. ‘ಇದನ್ನು ನಾನು ಹೇಳುವುದಿಲ್ಲ. ನೀವೇ ತೋರಿಸುತ್ತೀರಾ?’ ಅಂತ ಮಾತ್ರ ಕೇಳಿದೆ. ‘ಅಪ್ಪನ ಹತ್ತಿರ ಮಾತಾಡಬೇಕು ಮೇಡಂ’ ಅಂದರು. ಪುಸ್ತಕ ಸುತ್ತಿಕೊಂಡು ಹೋದರು.

ಹತ್ತು ದಿನ. ವಾಪಸ್ ತರುತ್ತಾರೆ ಅನ್ನುವ ಖಾತರಿ ಇರಲಿಲ್ಲ.

ನಾಲ್ಕನೇ ಭೇಟಿಯಲ್ಲಿ ಕವರ್ ಬಿಚ್ಚಿ, ಆ ಪುಟ ತೆರೆದು, ಟೀಚರ್ ಮುಂದೆ ಇಟ್ಟರು. ಏನೂ ಹೇಳಲಿಲ್ಲ. ಟೀಚರ್ ಬೆರಳಿನಿಂದ ಪದ ಮುಟ್ಟಿ, ‘ಇದು ನಮ್ಮಮ್ಮ ಹಾಕಿದ್ದ ಜೋಡಿ’ ಅಂದರು. ಅಷ್ಟೇ ಮಾತು. ಆಮೇಲೆ ಒಡವೆ ಯಾರ ಹತ್ತಿರ ಇದೆ ಅನ್ನುವ ವಾದ ಮತ್ತೆ ಬರಲಿಲ್ಲ. ಹೇಗೆ ವಾಪಸ್ ಕೊಡುವುದು ಅನ್ನುವ ಮಾತು ಶುರುವಾಯಿತು.

ಚೀಲದ ಲೆಕ್ಕ

ದಾರಿ ತೋರಿಸಿದ್ದು ಟೀಚರ್. ‘ತಿಂಗಳು ತಿಂಗಳು ಅವರು ಕೊಡಲ್ಲ ಮೇಡಂ, ಕೊಡೋಕೂ ಆಗಲ್ಲ. ಆ ಪುಸ್ತಕ ಬರೆದವಳು ನಾನು, ನನಗೆ ಗೊತ್ತು. ಚೀಲದ ಲೆಕ್ಕದಲ್ಲಿ ಕೊಡಲಿ.’

ತೋಟದಲ್ಲಿ ಈಗ ವರ್ಷಕ್ಕೆ ನೂರು ಚೀಲದ ಆಸುಪಾಸು ಒಣ ಚೆರಿ ಬರುತ್ತದೆ, 50 ಕೆಜಿ ಚೀಲ. ಮಗಳ ಹೆಸರಿಗೆ ಇಷ್ಟು ಚೀಲ ಅಂತ ಇಡೋಣ ಅಂದರು. ಟೀಚರ್ ಹನ್ನೆರಡು ಕೇಳಿದರು, ಬೆಳೆಗಾರರು ಎಂಟು ಅಂದರು, ಹತ್ತಕ್ಕೆ ನಿಂತಿತು. ಪ್ರತಿ ವರ್ಷ ಮಾರ್ಚ್ 31ರೊಳಗೆ, ಹತ್ತು ಚೀಲ ಚೆರಿಯ ಆ ದಿನದ ಬೆಲೆ. ಕಾಫಿ ಮಂಡಳಿ ಪ್ರಕಟಿಸುವ ದರವೇ ಅಳತೆ. ಬೆಲೆ ಬಿದ್ದುಹೋದರೆ? ಅದಕ್ಕೊಂದು ತಳ ಹಾಕಿದೆವು: ಏನೇ ಆದರೂ 60 ಸಾವಿರಕ್ಕಿಂತ ಕಡಿಮೆ ಇರಬಾರದು. ಇದರ ಜೊತೆ ತಿಂಗಳಿಗೆ 3 ಸಾವಿರ, ಬಸ್ಸು, ಪುಸ್ತಕ, ಔಷಧಿಗೆ. ಮಾರ್ಚ್‌ನ ದುಡ್ಡು ಸರಿಯಾಗಿ ಶಾಲೆ ಫೀಸಿನ ಹೊತ್ತಿಗೆ ಬರುತ್ತದೆ. ಹತ್ತು ಚೀಲದ ಷರತ್ತು ಓದಿದಾಗ ಬೆಳೆಗಾರರ ಮುಖ ಮೊದಲ ಸಲ ಸಡಿಲವಾದದ್ದು ಕಂಡೆ. ತಮಗೆ ಗೊತ್ತಿರುವ ಲೆಕ್ಕ ಅದು.

ಒಡವೆಯನ್ನು ರೂಪಾಯಿಯಲ್ಲಿ ಬರೆಯಬೇಡಿ, ಗ್ರಾಂನಲ್ಲಿ ಬರೆಯಿರಿ ಅಂತ ಟೀಚರ್ ಪರ ವಕೀಲರು ಪಟ್ಟು ಹಿಡಿದರು. ಒಳ್ಳೆಯ ಪಟ್ಟು. ಚಿನ್ನದ ಬೆಲೆ ನಿಂತಲ್ಲಿ ನಿಲ್ಲುವುದಿಲ್ಲ. ಸಂಘದಲ್ಲಿ ಇನ್ನೂ ಅಡವಿದ್ದ 9 ಪವನು ಬಿಡಿಸಿ ಕೊಡುವುದು, ಹರಾಜಾದ 6 ಪವನಿಗೆ ಬದಲು 48 ಗ್ರಾಂ ಹೊಸದು ಕೊಡುವುದು. ನಾಲ್ಕು ಲಕ್ಷ ಸಾಲದ ದುಡ್ಡು ಎರಡು ಕೊಯ್ಲಿನಲ್ಲಿ, ಎರಡೆರಡು ಲಕ್ಷ. ಇಷ್ಟಾದರೆ ತನಗೆ ಬೇರೆ ಜೀವನಾಂಶ ಬೇಡ ಅಂತ ಟೀಚರ್ ಒಪ್ಪಿದರು. ಅದರ ಅರ್ಥವೇನು ಅಂತ ವಕೀಲರು ಅವರನ್ನು ಬೇರೆಯಾಗಿ ಕೂರಿಸಿ ಎರಡು ಸಲ ವಿವರಿಸಿದ ಮೇಲೆಯೇ ನಾನು ಬರೆಸಿದ್ದು.

ಐದನೇ ಭೇಟಿಯಲ್ಲಿ ಎಲ್ಲಾ ಮುರಿದುಬೀಳುವುದರಲ್ಲಿತ್ತು. ‘ಮೊಮ್ಮಗಳು ಮುಂದೆ ತೋಟದಲ್ಲಿ ಪಾಲು ಕೇಳಬಾರದು, ಅದನ್ನೂ ಬರೆಸಿ’ ಅಂತ ಯಜಮಾನರು ಹೊರಗಿನಿಂದ ಹೇಳಿ ಕಳಿಸಿದರು. ಅವರ ಮುಂದೆ ಹೋಗಿ ಕೂತೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿ ಮಾಡಿದೆ. ಒಂಬತ್ತು ವರ್ಷದ ಮಗುವಿನ ಹಕ್ಕನ್ನು ತಾಯಿ ಸಹಿ ಹಾಕಿ ಬಿಟ್ಟುಕೊಡಲು ಬರುವುದಿಲ್ಲ, ಬರೆಸಿದರೂ ನಿಲ್ಲುವುದಿಲ್ಲ ಅಂದೆ. ಅವರಿಗೆ ಸಮಾಧಾನವಾಗಲಿಲ್ಲ. ಆಗ ಬೆಳೆಗಾರರು ಹೊರಗೆ ಬಂದು, ‘ಅಪ್ಪಾ, ಅವಳು ನನ್ನ ಮಗಳೂ ಹೌದಲ್ವಾ’ ಅಂದರು. ಯಜಮಾನರು ಕೊಡೆ ಎತ್ತಿಕೊಂಡು ಜೀಪಿಗೆ ಹೋಗಿ ಕೂತರು. ಆ ಷರತ್ತಿನ ಮಾತು ಅಲ್ಲಿಗೆ ನಿಂತಿತು. ಹನ್ನೊಂದು ವರ್ಷದಲ್ಲಿ ಅಪ್ಪನಿಗೆ ಎದುರಾಡಿದ್ದು ಅದೇ ಮೊದಲು ಅಂತ ಆಮೇಲೆ ಟೀಚರ್ ಹೇಳಿದರು.

ಆರು ತಿಂಗಳು ಯಾಕೆ ಕಾದರು

ಸೆಪ್ಟೆಂಬರ್‌ನಲ್ಲಿ, ಆರನೇ ಭೇಟಿಯಲ್ಲಿ ರಾಜಿ ಪತ್ರಕ್ಕೆ ಸಹಿ ಬಿತ್ತು. ಇಬ್ಬರೂ ತಮ್ಮ ತಮ್ಮ ಅರ್ಜಿ ವಾಪಸ್ ಪಡೆಯುವುದು, ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಜಂಟಿ ಅರ್ಜಿ ಹಾಕುವುದು. ಅದಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು. ಇವರು ಎರಡು ವರ್ಷ ದಾಟಿದ್ದರು.

ಜಂಟಿ ಅರ್ಜಿ ಹಾಕಿದ ಮೇಲೆ ಮಾಮೂಲಿಗೆ ಆರು ತಿಂಗಳು ಕಾಯಬೇಕು. ಆದರೆ 2017ರ ಅಮರ್‌ದೀಪ್ ಸಿಂಗ್ ತೀರ್ಪಿನ ನಂತರ, ಸಾಕಷ್ಟು ಕಾಲ ಬೇರೆ ಇದ್ದು, ಹಣ ಮತ್ತು ಮಗುವಿನ ವಿಷಯ ನಿಜವಾಗಿ ಇತ್ಯರ್ಥವಾಗಿದ್ದರೆ, ಕಾಯುವುದನ್ನು ಮನ್ನಾ ಮಾಡಿ ಅಂತ ನ್ಯಾಯಾಲಯವನ್ನು ಕೇಳಬಹುದು. ಬೆಳೆಗಾರರ ವಕೀಲರು ಕೇಳೋಣ ಅಂದರು. ಬೇಗ ಮುಗಿಯುತ್ತಲ್ಲ, ಯಾರಿಗೆ ಬೇಡ?

ಟೀಚರ್ ಬೇಡ ಅಂದರು. ಅಕ್ಟೋಬರ್‌ನಲ್ಲಿ ಅರ್ಜಿ ಹಾಕಿದರೆ ಆರು ತಿಂಗಳು ಮುಗಿಯುವುದು ಏಪ್ರಿಲ್‌ಗೆ. ನಡುವೆ ಕೊಯ್ಲು ಆಗುತ್ತದೆ, ಚೆರಿ ಮಾರಾಟ ಆಗುತ್ತದೆ, ಮೊದಲ ಕಂತಿನ ದಿನ ಬರುತ್ತದೆ. ಡಿಕ್ರಿ, ಅಂದರೆ ನ್ಯಾಯಾಲಯದ ಕೊನೆಯ ಆದೇಶ, ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಅಂದರೆ ಮಾತು ಉಳಿಸಿಕೊಳ್ಳುತ್ತಾರಾ ಅಂತ ನೋಡಲು ಆ ಆರು ತಿಂಗಳು ಅವರ ಕೈಯಲ್ಲಿರುವ ಹಗ್ಗ. ಅದನ್ನು ಬಿಟ್ಟುಕೊಡುವುದು ಯಾಕೆ? ವೇಗವೇ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ಇವರು ನನ್ನ ಕಣ್ಣು ತೆರೆಸಿದರು.

2025ರ ಫೆಬ್ರವರಿಯಲ್ಲಿ ರೊಬಸ್ಟಾಗೆ ಒಳ್ಳೆ ಬೆಲೆ ಇತ್ತು. ಬೆಳೆಗಾರರು ಮಾರ್ಚ್‌ನಲ್ಲಿ ಸಂಘದಿಂದ 9 ಪವನು ಬಿಡಿಸಿ ತಂದು ವಕೀಲರ ಕಚೇರಿಯಲ್ಲಿ ತೂಕ ಮಾಡಿಸಿ ಕೊಟ್ಟರು. ಆ ಬಳೆ ಅದರಲ್ಲಿತ್ತು. ಎರಡು ಲಕ್ಷವೂ ಮಗಳ ಹತ್ತು ಚೀಲದ ಹಣವೂ ಖಾತೆಗೆ ಬಂತು. ಏಪ್ರಿಲ್‌ನಲ್ಲಿ ವಿಚ್ಛೇದನ ಆಯಿತು. 48 ಗ್ರಾಂ ಚಿನ್ನ ಮತ್ತು ಎರಡನೇ ಕಂತು ಮುಂದಿನ ಕೊಯ್ಲಿಗೆ ಅಂತ ರಾಜಿ ಪತ್ರದಲ್ಲೇ ಇತ್ತು.

ನಾನು ಸರಿಯಾಗಿ ಬರೆಸದ ಷರತ್ತು ಒಂದಿದೆ. ತಿಂಗಳ ಎರಡನೇ ಶನಿವಾರ ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಮಗಳನ್ನು ಅಪ್ಪನಿಗೆ ಒಪ್ಪಿಸುವುದು, ಭಾನುವಾರ ಸಂಜೆ ವಾಪಸ್. ಕಾಗದದ ಮೇಲೆ ಚೆನ್ನಾಗಿತ್ತು. ಹಣದ ಷರತ್ತನ್ನು ಕೊಡಗಿನ ಋತುವಿಗೆ ಹೊಂದಿಸಿದವಳು ಮಗುವಿನ ಷರತ್ತಿನಲ್ಲಿ ಮಳೆಗಾಲ ಮರೆತಿದ್ದೆ. ಜುಲೈನಲ್ಲಿ ಮರ ಬಿದ್ದು ರಸ್ತೆ ಬಂದ್, ಒಂದು ಭೇಟಿ ತಪ್ಪಿತು. ಬೆಳೆಗಾರರಿಗೆ ಬೇಕಂತಲೇ ಕಳಿಸಲಿಲ್ಲ ಅನ್ನುವ ಅನುಮಾನ. ನನಗೆ ಫೋನ್ ಬಂತು. ಕೋರ್ಟಿಗೆ ಹೋಗುವ ಮೊದಲು ನೀವಿಬ್ಬರೇ ಒಂದು ಸಲ ಮಾತಾಡಿ ನೋಡಿ ಅಂದೆ.

ಎರಡು ದಿನ ಬಿಟ್ಟು ಟೀಚರ್ ವಾಟ್ಸಾಪ್‌ನಲ್ಲಿ ಕಳಿಸಿದರು. ಜೂನ್‌ನಿಂದ ಆಗಸ್ಟ್‌ವರೆಗೆ ಅಪ್ಪನೇ ಜೀಪಿನಲ್ಲಿ ಬಂದು ಮಗಳನ್ನು ನೋಡಿಕೊಂಡು ಹೋಗುವುದು, ರಾತ್ರಿ ಉಳಿಸಿಕೊಳ್ಳುವುದು ಬೇಡ. ತಪ್ಪಿದ ದಿನಗಳನ್ನು ದಸರಾ ರಜೆಯಲ್ಲಿ ಕೂಡಿಸುವುದು. ಕೆಳಗೆ ಬೆಳೆಗಾರರ ಉತ್ತರದ ಫೋಟೋ ಇತ್ತು: ‘ಸರಿ. ಅವಳಿಗೆ ಹೊಸ ರೇನ್‌ಕೋಟ್ ತರ್ತೀನಿ, ಅಳತೆ ಹೇಳು.’